ಮಾಜ್ಡಾ ಎಂಎಕ್ಸ್-5ರ ಎಂಜಿನ್ ಆಯಿಲ್ ಲೀಕ್: ಪದೇ ಪದೇ ಕೇಳುವ ಪ್ರಶ್ನೆಗಳು

1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೊ ಶೋದಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಸೀಟಿನ ಕಾರಿಗೆ ಅಮೆರಿಕದಲ್ಲಿ ಮಿಯಾಟಾ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದು ಹೆಸರು. ಎನ್‌ಎ ಎಂದು ಕರೆಯುವ ಮೊದಲ ತಲೆಮಾರು 1997ರವರೆಗೆ ತಯಾರಾಯಿತು. ಮೊದಲು 1.6 ಲೀಟರ್ ಎಂಜಿನ್, ಆಮೇಲೆ 1.8 ಕೂಡ ಬಂತು. ಭಾರತದಲ್ಲಿ ಈ ಕಾರು ಅಧಿಕೃತವಾಗಿ ಮಾರಾಟವಾಗಿಲ್ಲ. ಹಾಗಾಗಿ ಇಲ್ಲಿನ ಉತ್ತರಗಳು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ ಕಡೆ ಹಳೆಯ ಎಂಎಕ್ಸ್-5 ಕೊಂಡು ಮನೆಯಲ್ಲೇ ಕೆಲಸ ಮಾಡಿಕೊಳ್ಳುವ ಕನ್ನಡಿಗರಿಗಾಗಿ. ಎಡ, ಬಲ ಎಂದಲ್ಲೆಲ್ಲ ಸೀಟಿನಲ್ಲಿ ಕೂತು ಮುಂದೆ ನೋಡಿದಾಗಿನ ಎಡ, ಬಲ ಎಂದು ತಿಳಿಯಿರಿ.

ನೆಲದ ಮೇಲೆ ಬೀಳುತ್ತಿರುವುದು ಎಂಜಿನ್ ಆಯಿಲ್ಲೇ ಎಂದು ಹೇಗೆ ಗೊತ್ತಾಗುತ್ತದೆ?

ರಾತ್ರಿ ಕಾರಿನ ಕೆಳಗೆ ದೊಡ್ಡ ಬಿಳಿ ರಟ್ಟು ಹಾಸಿ. ಮುಂದಿನ ಎರಡು ಚಕ್ರ ಎಲ್ಲಿ ಬರುತ್ತವೆ ಎಂದು ಅದರ ಮೇಲೆ ಪೆನ್ನಿನಿಂದ ಗುರುತು ಹಾಕಿ. ಬೆಳಿಗ್ಗೆ ಕಲೆ ಎಲ್ಲಿದೆ, ಯಾವ ಬಣ್ಣ, ಎಂಥ ವಾಸನೆ ಎಂದು ನೋಡಿ.

ಎಂಜಿನ್ ಆಯಿಲ್ ಜೇನು ಬಣ್ಣದಿಂದ ಕಪ್ಪಿನವರೆಗೆ ಇರುತ್ತದೆ, ಬೆರಳಿಗೆ ಜಾರುತ್ತದೆ. ಗೇರ್ ಆಯಿಲ್ ಇನ್ನೂ ಮಂದ, ಗಂಧಕದ ಘಾಟು ಮೂಗಿಗೆ ಹೊಡೆಯುತ್ತದೆ. ಒಮ್ಮೆ ಮೂಸಿದವರು ಅದನ್ನು ಮರೆಯುವುದಿಲ್ಲ. ಪವರ್ ಸ್ಟೀರಿಂಗ್ ಇದ್ದರೆ ಅದರ ದ್ರವ ಕೆಂಪಾಗಿರುತ್ತದೆ. ಕೂಲೆಂಟ್ ಸಿಹಿ ವಾಸನೆ ಬೀರುತ್ತದೆ, ಒಣಗಿದ ಮೇಲೆ ಪುಡಿಪುಡಿಯಾದ ಕರೆ ಉಳಿಯುತ್ತದೆ.

ಈ ಕಾರಿನಲ್ಲಿ ಹೆಚ್ಚಾಗಿ ಮೋಸ ಮಾಡುವುದು ಕ್ಲಚ್ಚಿನ ಸ್ಲೇವ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ಲಿನ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ. ಗೇರ್‌ಬಾಕ್ಸಿನ ಬಲಮಗ್ಗುಲಲ್ಲಿ ಕೂತಿರುವ ಇದರ ಒಳಗಿನ ಸೀಲು ಬೇಗ ಹೋಗುತ್ತದೆ. ಅಲ್ಲಿಂದ ಬ್ರೇಕ್ ಆಯಿಲ್ ಸೋರಿ ಬೆಲ್ ಹೌಸಿಂಗ್ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚಿರುವ ಕವಚ) ಬುಡ ಒದ್ದೆಯಾದರೆ, ನೋಡಿದವರು ಎಂಜಿನ್ನಿನದೇ ಲೀಕ್ ಎನ್ನುತ್ತಾರೆ. ಬ್ರೇಕ್ ಆಯಿಲ್ ನೀರಿನಷ್ಟು ತೆಳು, ನೀರು ಹಾಕಿ ಉಜ್ಜಿದರೆ ಹೋಗುತ್ತದೆ, ಎಂಜಿನ್ ಆಯಿಲ್ ಹೋಗುವುದಿಲ್ಲ. ಬಾನೆಟ್ ಅಡಿಯ ಕ್ಲಚ್ ಡಬ್ಬಿಯಲ್ಲಿ ಮಟ್ಟ ಇಳಿದಿದೆಯೇ, ಪೆಡಲ್ ಮೆತ್ತಗಾಗಿದೆಯೇ ಎಂದೂ ನೋಡಿಬಿಡಿ.

ಕೆಳಗೆ ಎಲ್ಲ ಕಡೆ ಆಯಿಲ್ ಮೆತ್ತಿಕೊಂಡಿದೆ. ಎಲ್ಲಿಂದ ಹುಡುಕಲು ಶುರು ಮಾಡಬೇಕು?

ಹನಿ ಬೀಳುವ ಜಾಗದಿಂದ ಅಲ್ಲ. ಆಯಿಲ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಕಾರು ಓಡುವಾಗ ಗಾಳಿ ಅದನ್ನು ಮುಂದಿನಿಂದ ಹಿಂದಕ್ಕೆ ಹರಡುತ್ತದೆ. ಮುಂಭಾಗದ ಅಡಿಯಲ್ಲಿರುವ ಪ್ಲಾಸ್ಟಿಕ್ ತಟ್ಟೆಯೂ ಆಯಿಲ್ ಹಿಡಿದಿಟ್ಟುಕೊಂಡು, ಲೀಕಿಗೆ ಸಂಬಂಧವೇ ಇಲ್ಲದ ಅಂಚಿನಿಂದ ಬೀಳಿಸುತ್ತದೆ. ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದೋ ಅದೇ ಮೂಲ. ಅದರಿಂದ ಕೆಳಗೆ, ಹಿಂದೆ ಕಾಣುವುದೆಲ್ಲ ಬರೀ ಹರಿದು ಬಂದದ್ದು.

ಈ ಎಂಜಿನ್ನಿನಲ್ಲಿ ಅನುಮಾನಿಸಬೇಕಾದ ಜಾಗಗಳು, ಸಾಧ್ಯತೆ ಹೆಚ್ಚಿರುವುದು ಮೊದಲು: ಸಿಲಿಂಡರ್ ಹೆಡ್ ಹಿಂದಿನ ಕ್ಯಾಮ್ ಆಂಗಲ್ ಸೆನ್ಸರಿನ (ಕ್ಯಾಮ್‌ಶಾಫ್ಟ್ ಎಷ್ಟು ತಿರುಗಿದೆ ಎಂದು ಕಂಪ್ಯೂಟರಿಗೆ ಹೇಳುವ ಸಾಧನ) ಓ-ರಿಂಗ್ (ಬಳೆಯಾಕಾರದ ರಬ್ಬರ್ ಸೀಲು), ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಗ್ಯಾಸ್ಕೆಟ್, ಮುಂದಿನ ಎರಡು ಕ್ಯಾಮ್ ಸೀಲು ಮತ್ತು ಕ್ರ್ಯಾಂಕ್ ಸೀಲು, ಆಯಿಲ್ ಫಿಲ್ಟರ್ ಮತ್ತು ಪ್ರೆಶರ್ ಸೆಂಡರ್ (ಆಯಿಲ್ ಒತ್ತಡ ಅಳೆಯುವ ಸೆನ್ಸರ್), ಹಿಂದಿನ ಕ್ರ್ಯಾಂಕ್ ಸೀಲು, ಕೊನೆಗೆ ಆಯಿಲ್ ಸಂಪ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ). ಖರ್ಚಿನ ಲೆಕ್ಕದಲ್ಲೂ ಮೊದಲನೆಯದೇ ಎಲ್ಲಕ್ಕಿಂತ ಅಗ್ಗ. ಆದ್ದರಿಂದ ಇದೇ ಸಾಲಿನಲ್ಲಿ ಪರೀಕ್ಷಿಸುವುದರಿಂದ ನಷ್ಟವೇನೂ ಇಲ್ಲ.

ಜಾಗ ಖಚಿತ ಮಾಡಿಕೊಳ್ಳುವುದು ಹೇಗೆ?

ತೊಳೆಯದೆ ಹುಡುಕಬೇಡಿ. ವರ್ಷಗಳ ಮಣ್ಣು, ಆಯಿಲ್ ಮೆತ್ತಿದ ಎಂಜಿನ್ನಿನಲ್ಲಿ ಹೊಸ ಲೀಕ್ ಯಾವುದು, ಹಳೆಯದು ಯಾವುದು ಎಂದು ಯಾರಿಗೂ ಹೇಳಲಾಗುವುದಿಲ್ಲ.

ಎಂಜಿನ್ ಮುಟ್ಟುವಷ್ಟು ತಣ್ಣಗಾದ ಮೇಲೆ ಆಲ್ಟರ್ನೇಟರ್, ಕಾಯಿಲ್, ಗಾಳಿ ಎಳೆಯುವ ಬಾಯಿ ಇವುಗಳಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ. ಡಿಗ್ರೀಸರ್ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು, ಬ್ರಷ್ಷಿನಿಂದ ಉಜ್ಜಿ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಹೆಡ್ ಹಿಂಭಾಗ, ಬೆಲ್ ಹೌಸಿಂಗ್ ಮೇಲ್ಭಾಗ, ಬ್ಲಾಕಿನ ಬಲಮಗ್ಗುಲು ಈ ಮೂರನ್ನು ಚೆನ್ನಾಗಿ ತೊಳೆಯಬೇಕು. ಬ್ರೇಕ್ ಕ್ಲೀನರ್ ಬಳಸುವುದಾದರೆ ಬಿಸಿ ಎಕ್ಸಾಸ್ಟ್ ಹತ್ತಿರ ಬೇಡ. ಬೆಂಕಿಯ ಅಪಾಯವೂ ಇದೆ, ವಿಷದ ಹೊಗೆಯೂ ಬರುತ್ತದೆ.

ತೊಳೆದ ಮೇಲೆ ಎರಡು ದಾರಿಗಳಿವೆ. ಒಂದು, ಆಯಿಲ್ಲಿಗೆಂದೇ ಮಾಡಿದ ಯುವಿ ಡೈಯನ್ನು ಬಾಟಲಿಯ ಮೇಲೆ ಬರೆದಷ್ಟೇ ಆಯಿಲ್ ಮುಚ್ಚಳದ ಮೂಲಕ ಸುರಿದು, ಎಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿ, ಕತ್ತಲಲ್ಲಿ ಹಳದಿ ಕನ್ನಡಕ ಹಾಕಿಕೊಂಡು ಯುವಿ ಟಾರ್ಚ್ ಬಿಡುವುದು. ಲೀಕ್ ಇರುವ ಕಡೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ಡೈ ಸುರಿಯುವಾಗ ಹೊರಗೆ ಚೆಲ್ಲಿದರೆ ಅದೂ ಹೊಳೆಯುತ್ತದೆ, ಒರೆಸಿಬಿಡಿ. ಎರಡನೆಯದು, ಒಣಗಿದ ಜಾಗಕ್ಕೆ ಕಾಲಿಗೆ ಹಾಕುವ ಪೌಡರ್ ಸ್ಪ್ರೇ ಹೊಡೆದು ಎಂಜಿನ್ ಓಡಿಸುವುದು. ಬಿಳಿ ಪದರದ ಮೇಲೆ ಆಯಿಲ್ ಗೆರೆ ಎಲ್ಲಿಂದ ಹೊರಟಿದೆ ಎಂದು ಬರಿಗಣ್ಣಿಗೇ ಕಾಣುತ್ತದೆ. ಕೆಲವು ಲೀಕ್‌ಗಳು ಎಂಜಿನ್ ಬಿಸಿಯಾಗಿ ಓಡುವಾಗ ಮಾತ್ರ ಬರುತ್ತವೆ. ಹಾಗಾಗಿ ಐದು ನಿಮಿಷ ಐಡಲಿಂಗ್‌ನಲ್ಲಿ ಬಿಟ್ಟು ಏನೂ ಕಾಣಲಿಲ್ಲವೆಂದು ಕೈಬಿಡಬೇಡಿ.

ಕಾರಿನ ಕೆಳಗೆ ಹೋಗುವ ಮುನ್ನ: ಮುಂದೆ ಸಬ್‌ಫ್ರೇಮಿನ ಅಡ್ಡ ತೊಲೆಗೆ, ಹಿಂದೆ ಡಿಫರೆನ್ಷಿಯಲ್ಲಿಗೆ ಜಾಕ್ ಕೊಟ್ಟು ಎತ್ತಿ, ಭಾರವನ್ನು ನಾಲ್ಕು ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬಾರದು. ಈ ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ, ಜಾರಿದರೆ ಕೆಳಗಿರುವವರಿಗೆ ಉಸಿರಾಡಲೂ ಜಾಗವಿರುವುದಿಲ್ಲ.

ಗ್ಯಾರೇಜಿನವರು ಹಿಂದಿನ ಕ್ರ್ಯಾಂಕ್ ಸೀಲು ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಬೇಕೇ?

ಈಗಲೇ ಬೇಡ. ಎನ್‌ಎ ಮಾಲೀಕರು ಅನಗತ್ಯವಾಗಿ ಕಳೆದುಕೊಳ್ಳುವ ಹಣದಲ್ಲಿ ದೊಡ್ಡ ಪಾಲು ಈ ಒಂದು ತಪ್ಪು ತೀರ್ಮಾನಕ್ಕೇ ಹೋಗುತ್ತದೆ.

ಕಾರಣ ಸರಳ. ಕ್ಯಾಮ್ ಆಂಗಲ್ ಸೆನ್ಸರ್ ಸಿಲಿಂಡರ್ ಹೆಡ್ಡಿನ ಹಿಂದಿನ ಗೋಡೆಯಲ್ಲಿ, ಫೈರ್‌ವಾಲ್ (ಎಂಜಿನ್ನಿಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ಕಡೆ ಮುಖಮಾಡಿ ಕೂತಿದೆ. ಅದು ತಿರುಗುವುದು ಕ್ಯಾಮ್‌ಶಾಫ್ಟಿನ ಹಿಂದಿನ ತುದಿಯಿಂದ. ಅದರ ಸುತ್ತ ಇರುವುದು ಒಂದೇ ಒಂದು ರಬ್ಬರ್ ಓ-ರಿಂಗ್. ಹಲವು ವರ್ಷಗಳ ಶಾಖಕ್ಕೆ ಆ ರಬ್ಬರ್ ಸೆಡೆತುಹೋಗಿ, ತೆಗೆಯುವಾಗ ಗಾಜಿನ ಬಳೆಯ ಹಾಗೆ ಪಟ್ಟನೆ ಮುರಿಯುತ್ತದೆ. ಅಲ್ಲಿ ಜಿನುಗಿದ ಆಯಿಲ್ ಹೆಡ್ ಹಿಂಭಾಗದಿಂದ ಬ್ಲಾಕಿನ ಮೇಲೆ ಇಳಿದು, ಬೆಲ್ ಹೌಸಿಂಗ್ ಸುತ್ತಿಕೊಂಡು, ಅದರ ಬುಡದಿಂದ ಹನಿಯುತ್ತದೆ. ಹಿಂದಿನ ಕ್ರ್ಯಾಂಕ್ ಸೀಲು ಹೋದರೂ ಹನಿ ಬೀಳುವುದು ಅಲ್ಲೇ. ಕೆಳಗಿನಿಂದ ಮಾತ್ರ ನೋಡಿದವರಿಗೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ವ್ಯತ್ಯಾಸ ಮೇಲೆ ಸಿಗುತ್ತದೆ. ಹೆಡ್ ಮತ್ತು ಫೈರ್‌ವಾಲ್ ನಡುವೆ ಚಿಕ್ಕ ಕನ್ನಡಿ, ಟಾರ್ಚ್ ಇಳಿಸಿ, ಅಥವಾ ಫೋನಿನ ಕ್ಯಾಮೆರಾ ತೂರಿಸಿ ಸೆನ್ಸರಿನ ಕೆಳಅಂಚನ್ನು ನೋಡಿ. ಬೆಲ್ ಹೌಸಿಂಗಿನ ಮೇಲ್ಭಾಗಕ್ಕೆ ಬಿಳಿ ಬಟ್ಟೆ ಒತ್ತಿ ತೆಗೆಯಿರಿ. ಮೇಲ್ಭಾಗ ಒದ್ದೆಯಿದ್ದರೆ ಆಯಿಲ್ ಮೇಲಿನಿಂದ ಬಂದಿದೆ, ಏಕೆಂದರೆ ಕ್ರ್ಯಾಂಕ್ ಸೀಲಿನ ಆಯಿಲ್ ಹೌಸಿಂಗಿನ ಒಳಗೆ ಇಳಿಯುತ್ತದೆಯೇ ಹೊರತು ಮೇಲಕ್ಕೆ ಏರುವುದಿಲ್ಲ. ಮೇಲೆಲ್ಲ ಒಣಗಿದ್ದು, ಒಳಗಿನಿಂದ ಮಾತ್ರ ಜಿನುಗುತ್ತಿದ್ದರೆ ಆಗ ಸೀಲಿನ ಮಾತು. ಅನುಮಾನ ಉಳಿದರೂ ಮೊದಲು ಓ-ರಿಂಗ್ ಬದಲಿಸಿ, ತೊಳೆದು, ಒಂದೆರಡು ವಾರ ಓಡಿಸಿ ನೋಡಿ. ಗೇರ್‌ಬಾಕ್ಸ್ ಇಳಿಸುವ ಕೂಲಿಯ ಮುಂದೆ ಓ-ರಿಂಗಿನ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಆ ಓ-ರಿಂಗ್ ಬದಲಿಸುವ ಕ್ರಮ ಏನು?

ಬೇಕಾಗುವುದು: ಹೊಸ ಓ-ರಿಂಗ್, 12 ಎಂ.ಎಂ. ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್, ಉದ್ದ ಎಕ್ಸ್‌ಟೆನ್ಷನ್, ಪ್ಲಾಸ್ಟಿಕ್ ಕೊಕ್ಕೆ, ಗುರುತು ಹಾಕಲು ಬಿಳಿ ಪೇಂಟ್ ಪೆನ್, ಬಟ್ಟೆ. ಓ-ರಿಂಗನ್ನು ಮಾಜ್ಡಾ ಡೀಲರ್ ಹತ್ತಿರವೇ ಕೊಳ್ಳಿ. ಹೊರಗೆ ಕೊಳ್ಳುವುದಾದರೆ ಅಳತೆ ಸರಿಯಾಗಿ ಹೊಂದುವ ವೈಟಾನ್ ರಬ್ಬರಿನದು ತೆಗೆದುಕೊಳ್ಳಿ, ಶಾಖ ತಾಳುತ್ತದೆ. ಬಾತ್‌ರೂಮ್ ನಲ್ಲಿಗೆ ಹಾಕುವ ರಿಂಗ್ ಕೆಲವೇ ತಿಂಗಳಲ್ಲಿ ಮತ್ತೆ ಗಟ್ಟಿಯಾಗುತ್ತದೆ.

ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಈ ಕಾರಿನಲ್ಲಿ ಬ್ಯಾಟರಿ ಹಿಂದೆ ಡಿಕ್ಕಿಯಲ್ಲಿದೆ. ಇಗ್ನಿಷನ್ ಕಾಯಿಲ್ ಕೂಡ ಹೆಡ್ಡಿನ ಹಿಂದೆಯೇ ಇದೆ. ಅದನ್ನು ಬ್ರಾಕೆಟ್ ಸಮೇತ ಬಿಚ್ಚಿ ಪಕ್ಕಕ್ಕೆ ಸರಿಸಿದರೆ ಕೈ ಆಡುತ್ತದೆ. ಪ್ಲಗ್ ವೈರುಗಳಿಗೆ ಅಂಟುಪಟ್ಟಿ ಸುತ್ತಿ 1, 2, 3, 4 ಎಂದು ಬರೆದುಕೊಳ್ಳಿ.

ಮುಂದಿನದು ಬಿಡಲೇಬಾರದ ಹೆಜ್ಜೆ. ಸೆನ್ಸರಿನ ಮೈ ಮತ್ತು ಹೆಡ್ ಎರಡರ ಮೇಲೂ ಹಾಯುವಂತೆ ಒಂದು ತೆಳು ಬಿಳಿ ಗೆರೆ ಎಳೆಯಿರಿ. ಸೆನ್ಸರ್ ಎಷ್ಟು ತಿರುಗಿ ಕೂತಿದೆ ಎಂಬುದರ ಮೇಲೆ ಇಗ್ನಿಷನ್ ಟೈಮಿಂಗ್ ನಿಂತಿದೆ. ಗೆರೆ ದಪ್ಪವಾದರೆ ಅಷ್ಟೇ ತಪ್ಪು ಟೈಮಿಂಗಿನಲ್ಲೂ ಬರುತ್ತದೆ.

ಕನೆಕ್ಟರ್ ಕಳಚಿ, 12 ಎಂ.ಎಂ. ತಲೆಯ ಬೋಲ್ಟು ತೆಗೆಯಿರಿ. ಅದು ಕಣ್ಣಿಗೆ ಬೀಳದ ಜಾಗದಲ್ಲಿದೆ, ಬೆರಳಿನಿಂದ ತಡವಿ ಹುಡುಕಬೇಕು. ಬೋಲ್ಟು ಬೆಲ್ ಹೌಸಿಂಗ್ ಮೇಲೆ ಬಿದ್ದು ಕಾಣೆಯಾಗದಿರಲು ಕೆಳಗೆ ಬಟ್ಟೆ ತುರುಕಿ. ಸೆನ್ಸರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸುತ್ತ ನೇರ ಹಿಂದಕ್ಕೆ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಎಬ್ಬಬೇಡಿ, ಅಲ್ಯೂಮಿನಿಯಂ ಅಂಚು ಕಚ್ಚಿದರೆ ಹೊಸ ಓ-ರಿಂಗೂ ಅಲ್ಲಿ ಲೀಕ್ ಆಗುತ್ತದೆ. ಹೊರಬರುವಾಗ ಒಂದಿಷ್ಟು ಆಯಿಲ್ ಸುರಿಯುತ್ತದೆ, ಗಾಬರಿ ಬೇಡ.

ಹಳೆಯ ರಿಂಗಿನ ಚೂರುಗಳನ್ನೆಲ್ಲ ಪ್ಲಾಸ್ಟಿಕ್ ಕೊಕ್ಕೆಯಿಂದ ತೆಗೆದು, ಕಾಲುವೆಯನ್ನೂ ಹೆಡ್ಡಿನ ರಂಧ್ರವನ್ನೂ ಒರೆಸಿ. ಹೊಸ ರಿಂಗಿಗೆ ಎಂಜಿನ್ ಆಯಿಲ್ ಸವರಿ, ಕಾಲುವೆಯಲ್ಲಿ ಸುತ್ತಲೂ ಸಮವಾಗಿ ಕೂರಿಸಿ. ಇಲ್ಲಿ ಸಿಲಿಕಾನ್ ಪೇಸ್ಟ್ ಹಚ್ಚಬಾರದು. ಸೆನ್ಸರಿನ ಶಾಫ್ಟಿನ ತುದಿಯ ಕಿವಿ ನಡುಮಧ್ಯದಲ್ಲಿಲ್ಲ, ಒಂದು ಬದಿಗೆ ಸರಿದಿದೆ. ಆ ಕಿವಿ ಕೂರುವ ಕ್ಯಾಮ್‌ನ ಸೀಳೂ ಹಾಗೆಯೇ. ಆದ್ದರಿಂದ ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಒಳಕ್ಕೆ ಒತ್ತುತ್ತ ಶಾಫ್ಟನ್ನು ತಿರುಗಿಸಿದರೆ ತಾನಾಗಿ ಸಿಕ್ಕಿಕೊಳ್ಳುತ್ತದೆ. ಕೈಯಿಂದಲೇ ಪೂರ್ತಿ ಕೂರಬೇಕು. ಕೂರದಿದ್ದಾಗ ಬೋಲ್ಟು ಬಿಗಿದು ಎಳೆಯಲು ಹೋದರೆ ಕಿವಿಯೋ ಹೌಸಿಂಗೋ ಒಡೆಯುತ್ತದೆ. ಬಿಳಿ ಗೆರೆಗಳು ಕೂಡಿದ ಮೇಲೆ ಬೋಲ್ಟನ್ನು 19ರಿಂದ 25 ನ್ಯೂಟನ್ ಮೀಟರ್‌ಗೆ ಬಿಗಿಯಿರಿ.

ಗೆರೆ ಹಾಕಲು ಮರೆತೆ. ಈಗ ಕಾರು ಎಳೆಯುತ್ತಿಲ್ಲ, ಏನು ಮಾಡಲಿ?

ಟೈಮಿಂಗ್ ಲೈಟ್ ಬೇಕು, ಅಂದರೆ ಪ್ಲಗ್ ಕಿಡಿ ಕೊಟ್ಟಾಗಲೆಲ್ಲ ಮಿಂಚಿ ಪುಲ್ಲಿಯ ಗುರುತು ತೋರಿಸುವ ದೀಪ. ಎಂಜಿನ್ ಪೂರ್ತಿ ಬಿಸಿಯಾಗಿ, ಎಸಿ, ಲೈಟು, ಫ್ಯಾನು ಎಲ್ಲ ಬಂದ್ ಆಗಿರಲಿ. ಬಾನೆಟ್ ಅಡಿಯ ಡಯಾಗ್ನೋಸಿಸ್ ಬಾಕ್ಸಿನಲ್ಲಿ ಟಿಇಎನ್ ಮತ್ತು ಜಿಎನ್‌ಡಿ ಅಕ್ಷರಗಳಿರುವ ಎರಡು ಕಿಂಡಿಗಳನ್ನು ತುಂಡು ವೈರಿನಿಂದ ಜೋಡಿಸಿ. ಹೀಗೆ ಜೋಡಿಸದಿದ್ದರೆ ಕಂಪ್ಯೂಟರ್ ತಾನೇ ಟೈಮಿಂಗ್ ಹಿಂದೆಮುಂದೆ ಮಾಡುತ್ತಿರುತ್ತದೆ, ನೀವು ನೋಡುವ ಅಂಕಿಗೆ ಅರ್ಥವಿರುವುದಿಲ್ಲ. ಐಡಲ್ ಸುಮಾರು 850 ಆರ್‌ಪಿಎಂ ಇರಲಿ. ಲೈಟಿನ ಕ್ಲಾಂಪನ್ನು ಒಂದನೇ ಸಿಲಿಂಡರಿನ, ಅಂದರೆ ಎಲ್ಲಕ್ಕಿಂತ ಮುಂದಿನ ಪ್ಲಗ್ ವೈರಿಗೆ ಹಾಕಿ. ಸೆನ್ಸರ್ ಬೋಲ್ಟು ಸಡಿಲಿಸಿ, ತುಸುವೇ ತಿರುಗಿಸುತ್ತ ಪುಲ್ಲಿಯ ಗುರುತು ಟಾಪ್ ಡೆಡ್ ಸೆಂಟರಿಗಿಂತ (ಪಿಸ್ಟನ್ ತೀರ ಮೇಲೆ ಬರುವ ಸ್ಥಾನ) 10 ಡಿಗ್ರಿ ಮುಂಚೆ ನಿಲ್ಲುವಂತೆ ಮಾಡಿ ಬಿಗಿಯಿರಿ. ಕೊನೆಗೆ ವೈರು ತೆಗೆಯಲು ಮರೆಯಬೇಡಿ.

ಈ ಎಂಜಿನ್ನಿನಲ್ಲಿ ಪ್ರತಿ ಪ್ಲಗ್ಗೂ ಎರಡು ಸುತ್ತಿಗೆ ಎರಡು ಸಲ ಕಿಡಿ ಕೊಡುತ್ತದೆ. ಡಿಜಿಟಲ್ ಅಂಕಿ ತೋರಿಸುವ ಕೆಲವು ಟೈಮಿಂಗ್ ಲೈಟುಗಳು ಇದರಿಂದ ಗೊಂದಲಗೊಂಡು ಆರ್‌ಪಿಎಂ ಇಮ್ಮಡಿ ತೋರಿಸುತ್ತವೆ. ಸಾದಾ ಲೈಟೇ ಇಲ್ಲಿ ವಾಸಿ.

ಸುಟ್ಟ ಆಯಿಲ್ ವಾಸನೆ ಕಾರಿನೊಳಗೆ ಬರುತ್ತದೆ, ಹನಿ ಮಾತ್ರ ಬೀಳುವುದಿಲ್ಲ. ಎಲ್ಲಿಂದ?

ಬಹುಪಾಲು ಟ್ಯಾಪೆಟ್ ಕವರ್ ಗ್ಯಾಸ್ಕೆಟ್. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎಡಗಡೆ, ಕವರಿನ ಅಂಚಿನ ಕೆಳಗೇ ಇದೆ. ಜಿನುಗಿದ ಆಯಿಲ್ ಅದರ ಮೇಲೆ ಬಿದ್ದು ಸುಟ್ಟುಹೋಗುವುದರಿಂದ ನೆಲಕ್ಕೆ ಏನೂ ತಲುಪುವುದಿಲ್ಲ. ಹೊಗೆ ಕಂಡರೆ ಮುಂದೂಡಬೇಡಿ. ಪ್ಲಗ್ ವೈರಿನ ಬೂಟು ತೆಗೆದಾಗ ಪ್ಲಗ್ ಗುಂಡಿಯಲ್ಲಿ ಆಯಿಲ್ ನಿಂತಿದ್ದರೂ ಕಾರಣ ಇದೇ ಗ್ಯಾಸ್ಕೆಟ್. ಬೂಟಿನ ರಬ್ಬರ್ ಆಯಿಲ್ಲಿನಲ್ಲಿ ನೆನೆದು ಹಾಳಾಗಿ, ಮಿಸ್‌ಫೈರ್ ಕೂಡ ಶುರುವಾಗುತ್ತದೆ. ಪ್ಲಗ್ ಬಿಚ್ಚುವ ಮುನ್ನ ಆ ಆಯಿಲ್ ಹೀರಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿಗೇ ಇಳಿಯುತ್ತದೆ.

ಬದಲಿಸುವಾಗ ಪ್ಲಗ್ ವೈರು, ಪಿಸಿವಿ ವಾಲ್ವಿನ (ಎಂಜಿನ್ ಒಳಗಿನ ಅನಿಲ ಹೊರಬಿಡುವ ಕವಾಟ) ಪೈಪು, ಇನ್ನೊಂದು ಬದಿಯ ಬ್ರೀದರ್ ಪೈಪು ಕಳಚಿ, 10 ಎಂ.ಎಂ. ಬೋಲ್ಟುಗಳನ್ನು ಬಿಚ್ಚಿ. ಹೆಡ್ಡಿನ ಮೇಲ್ಮೈಯನ್ನೂ ಕವರಿನ ಕಾಲುವೆಯನ್ನೂ ಒಂದು ತೊಟ್ಟು ಆಯಿಲ್ ಉಳಿಯದ ಹಾಗೆ ಒರೆಸಿ. ಗ್ಯಾಸ್ಕೆಟನ್ನು ಕವರಿನ ಕಾಲುವೆಗೆ ಒಣಗಿದಂತೆಯೇ ಕೂರಿಸಬೇಕು. ಸಿಲಿಕಾನ್ ಬೇಕಾಗುವುದು ಮೂಲೆಗಳಿಗೆ ಮಾತ್ರ: ಮುಂದಿನ ಕ್ಯಾಮ್ ಕ್ಯಾಪುಗಳು ಹೆಡ್ ಮುಟ್ಟುವ ಸಂದುಗಳು ಮತ್ತು ಹಿಂದೆ ಸೆನ್ಸರ್ ಕಡೆಯ ಮೂಲೆಗಳು. ಅಲ್ಲಿ ನೇರ ಮೇಲ್ಮೈ ಮುರಿದು ಅರ್ಧವೃತ್ತ ಶುರುವಾಗುತ್ತದೆ, ರಬ್ಬರ್ ಒಂದೇ ಆ ಸಂದನ್ನು ತುಂಬಲಾರದು. ಪ್ರತಿ ಮೂಲೆಗೆ ಅವರೆಕಾಳಿನಷ್ಟು ಸಾಕು. ಉದ್ದಕ್ಕೂ ಬಳಿದರೆ ಹಿಂಡಿಕೊಂಡು ಒಳಗೆ ಬಿದ್ದ ತುಣುಕು ಆಯಿಲ್ ಪಂಪಿನ ಜಾಲರಿ ಕಟ್ಟಬಹುದು.

ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ, 5ರಿಂದ 9 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಇದು ಬಹಳ ಕಡಿಮೆ. ಲೀಕ್ ನಿಲ್ಲಲಿಲ್ಲವೆಂದು ಇನ್ನಷ್ಟು ಬಿಗಿದವರ ಹೆಡ್ಡಿನಲ್ಲಿ ಬೋಲ್ಟು ಕೂರುವ ಥ್ರೆಡ್ ಕಿತ್ತುಬಂದು, ಗ್ಯಾಸ್ಕೆಟ್ ಕೆಲಸ ಹೆಡ್ ಕೆಲಸವಾಗಿ ಬೆಳೆಯುತ್ತದೆ. ಸಿಲಿಕಾನ್ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟೇ ಎಂಜಿನ್ ಶುರು ಮಾಡಿ.

ಹೊಸ ಗ್ಯಾಸ್ಕೆಟ್ ಹಾಕಿದ ಕೆಲವೇ ವಾರಗಳಲ್ಲಿ ಮತ್ತೆ ಲೀಕ್. ಯಾಕೆ?

ಪಿಸಿವಿ ವಾಲ್ವ್ ನೋಡಿದಿರಾ? ಪಿಸ್ಟನ್ ರಿಂಗ್ ದಾಟಿ ಬರುವ ಅನಿಲವನ್ನು ಕ್ರ್ಯಾಂಕ್‌ಕೇಸಿನಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಕಳಿಸುವುದು ಅದರ ಕೆಲಸ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ಬಲ ಕಡಿಮೆಯಿದೆಯೋ ಆ ಸೀಲಿನಿಂದ ಆಯಿಲ್ ಹೊರಗೆ ತಳ್ಳುತ್ತದೆ. ಒಂದು ಲೀಕ್ ಮುಚ್ಚಿದರೆ ಇನ್ನೊಂದು ತೆರೆಯುತ್ತದೆ.

ವಾಲ್ವ್ ಟ್ಯಾಪೆಟ್ ಕವರಿನ ಬಲಗಡೆ ರಬ್ಬರ್ ಗ್ರೊಮೆಟ್ಟಿನಲ್ಲಿ ಸಿಕ್ಕಿಸಿದೆ. ಎಳೆದು ಅಲುಗಾಡಿಸಿದರೆ ಟಕಟಕ ಸದ್ದು ಬರಬೇಕು. ಎಂಜಿನ್ ಐಡಲಿಂಗ್‌ನಲ್ಲಿದ್ದಾಗ ಅದರ ಬಾಯಿಗೆ ಬೆರಳಿಟ್ಟರೆ ಎಳೆತ ಸಿಗಬೇಕು. ಸದ್ದಿಲ್ಲದಿದ್ದರೆ, ಎಳೆತವಿಲ್ಲದಿದ್ದರೆ ಹೊಸದು ಹಾಕಿ, ಗ್ರೊಮೆಟ್ಟನ್ನೂ ಬದಲಿಸಿ. ಅಷ್ಟಾದರೂ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಡುತ್ತಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ತೊಂದರೆ ರಿಂಗುಗಳಲ್ಲಿದ್ದರೆ ಗ್ಯಾಸ್ಕೆಟ್ ಬದಲಿಸುತ್ತ ಹೋಗುವುದು ವ್ಯರ್ಥ.

ಎಂಜಿನ್ನಿನ ಬಲಗಡೆ, ಫಿಲ್ಟರ್ ಸುತ್ತ ಒದ್ದೆಯಾಗಿದೆ.

ಆಯಿಲ್ ಬದಲಿಸಿ ಎಷ್ಟು ದಿನವಾಯಿತು ಎಂದು ಮೊದಲು ಯೋಚಿಸಿ. ಫಿಲ್ಟರ್ ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ ಅಡಗಿ ಕೂತಿದೆ. ಬಿಚ್ಚುವಾಗ ಸುರಿದ ಆಯಿಲ್ ಸಬ್‌ಫ್ರೇಮಿನ ಮೂಲೆಗಳಲ್ಲಿ ನಿಂತು ದಿನಗಟ್ಟಲೆ ಹನಿಯುತ್ತದೆ. ಫಿಲ್ಟರಿಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಬಿಚ್ಚಿದರೆ ಈ ತಾಪತ್ರಯವೇ ಇರುವುದಿಲ್ಲ.

ನಿಜವಾದ ಲೀಕ್ ಆಗಿದ್ದರೆ, ಹಳೆಯ ಫಿಲ್ಟರಿನ ರಬ್ಬರ್ ಬ್ಲಾಕಿಗೆ ಅಂಟಿಕೊಂಡಿದ್ದು ಅದರ ಮೇಲೆ ಹೊಸದು ಕೂತಿರಬಹುದು. ಎರಡು ರಬ್ಬರಿನ ಫಿಲ್ಟರ್ ಯಾವ ಗಳಿಗೆಯಲ್ಲಾದರೂ ಇಡೀ ಆಯಿಲ್ ಹೊರಗೆ ಚೆಲ್ಲಬಹುದು, ಕೂಡಲೇ ಸರಿಪಡಿಸಿ. ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ, ಮೈಗೆ ತಾಗಿದ ಮೇಲೆ ಕೈಯಿಂದ ಮುಕ್ಕಾಲು ಸುತ್ತು.

ಫಿಲ್ಟರ್ ಒಣಗಿದ್ದು ಅದರ ಹತ್ತಿರದ ಪ್ರೆಶರ್ ಸೆಂಡರಿನ ಬುಡ ಒದ್ದೆಯಿದ್ದರೆ ಸೆಂಡರ್ ಬದಲಿಸಬೇಕು. ಅದರ ಥ್ರೆಡ್ 1/8 ಇಂಚಿನ ಬ್ರಿಟಿಷ್ ಟೇಪರ್ (ತುದಿಗೆ ಕಿರಿದಾಗುವ) ಮಾದರಿಯದು, ಅಮೆರಿಕದ ಪೈಪ್ ಥ್ರೆಡ್ ಹೊಂದುವುದಿಲ್ಲ. ಟೇಪರ್ ಇರುವುದರಿಂದ ತಿರುಗಿಸಿದಷ್ಟೂ ಬಿಗಿಯಾಗುತ್ತಲೇ ಹೋಗಿ ಬ್ಲಾಕ್ ಸೀಳಬಹುದು, ಜೋಪಾನ. ಟೆಫ್ಲಾನ್ ಟೇಪ್ ಸುತ್ತಬೇಡಿ. ಸೆಂಡರ್ ತನ್ನ ಮೈಯಿಂದಲೇ ಅರ್ತ್ ಪಡೆಯುತ್ತದೆ, ಟೇಪ್ ಅದನ್ನು ತಡೆದರೆ ಗೇಜ್ ಸುಳ್ಳು ಹೇಳುತ್ತದೆ. ಥ್ರೆಡ್ಡಿಗೆ ಹಚ್ಚುವ ದ್ರವ ಸೀಲಂಟ್ ಸ್ವಲ್ಪ ಸಾಕು.

ಎಂಜಿನ್ನಿನ ಮುಂಭಾಗದಿಂದ, ಬೆಲ್ಟ್ ಕವರ್ ಒಳಗಿಂದ ಬರುತ್ತಿದೆ. ಎಷ್ಟು ದೊಡ್ಡ ಕೆಲಸ?

ಒಂದು ಇಡೀ ವಾರಾಂತ್ಯದ ಕೆಲಸ. ಎರಡು ಕ್ಯಾಮ್ ಸೀಲು, ಒಂದು ಕ್ರ್ಯಾಂಕ್ ಸೀಲು, ಮೂರೂ ಟೈಮಿಂಗ್ ಬೆಲ್ಟಿನ ಹಿಂದಿವೆ. ಬೆಲ್ಟನ್ನು ಹೇಗೂ ಸುಮಾರು 96,000 ಕಿಲೋಮೀಟರಿಗೆ ಬದಲಿಸಬೇಕು. ಆಯಿಲ್ ತಾಗಿದ ಬೆಲ್ಟು ಅದಕ್ಕೂ ಮೊದಲೇ ಹಾಳಾಗುತ್ತದೆ. ಆದ್ದರಿಂದ ಬಿಚ್ಚಿದ ಮೇಲೆ ಮೂರು ಸೀಲು, ಬೆಲ್ಟು, ಟೆನ್ಷನರ್, ಐಡ್ಲರ್, ವಾಟರ್ ಪಂಪ್ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಒಂದೇ ಸೀಲು ಹಾಕಿ ಮುಚ್ಚುವುದು ಉಳಿತಾಯವಲ್ಲ. ಎನ್‌ಎ ಎಂಜಿನ್ನುಗಳಲ್ಲಿ ಬೆಲ್ಟು ಹರಿದರೂ ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲ, ಆದರೆ ಕಾರು ರಸ್ತೆ ಮಧ್ಯೆ ನಿಲ್ಲುತ್ತದೆ.

ಹಳೆಯ ಸೀಲಿನ ತುಟಿಯನ್ನು ಬ್ಲೇಡಿನಿಂದ ಕತ್ತರಿಸಿ, ತುದಿಗೆ ಬಟ್ಟೆ ಸುತ್ತಿದ ಸ್ಕ್ರೂಡ್ರೈವರಿನಿಂದ ಎಬ್ಬಿ. ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಗೀರು ಬಿದ್ದರೂ ಹೊಸ ಸೀಲು ಅಲ್ಲೇ ಸೋರುತ್ತದೆ. ಹೊಸದರ ತುಟಿಗೆ ಆಯಿಲ್ ಸವರಿ, ಸೀಲಿನಷ್ಟೇ ಅಗಲದ ಪೈಪ್ ತುಂಡಿಟ್ಟು, ಅಂಚಿಗೆ ಸಮನಾಗುವವರೆಗೆ ಸುತ್ತಲೂ ತಟ್ಟಿ. ಸೊಟ್ಟಗೆ ಹೋದ ಸೀಲನ್ನು ನೆಟ್ಟಗೆ ಮಾಡಲು ಹೋಗಬೇಡಿ, ಇನ್ನೊಂದು ತನ್ನಿ.

ಬೆಲ್ಟ್ ಹಾಕಿದ ಮೇಲೆ ಇನ್‌ಟೇಕ್ ಪುಲ್ಲಿಯ ಐ ಗುರುತಿನಿಂದ ಎಕ್ಸಾಸ್ಟ್ ಪುಲ್ಲಿಯ ಇ ಗುರುತಿನವರೆಗೆ ಬೆಲ್ಟಿನ 19 ಹಲ್ಲುಗಳಿರಬೇಕು. ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ಎಣಿಸಿ. ಕ್ಯಾಮ್ ಪುಲ್ಲಿ ಬೋಲ್ಟಿಗೆ 49ರಿಂದ 61 ನ್ಯೂಟನ್ ಮೀಟರ್. ಬಿಗಿಯುವಾಗ ಕ್ಯಾಮ್‌ಶಾಫ್ಟಿನ ಷಟ್ಕೋನ ಭಾಗಕ್ಕೆ ಸ್ಪ್ಯಾನರ್ ಹಾಕಿ ಹಿಡಿಯಿರಿ, ಬೆಲ್ಟಿನ ಬಲದ ಮೇಲೆ ಅಲ್ಲ.

ನನ್ನದು 1990ರ ಕಾರು. ಕ್ರ್ಯಾಂಕ್ ಬೋಲ್ಟಿನ ಬಗ್ಗೆ ಬೇರೆ ಎಚ್ಚರಿಕೆ ಇದೆಯೇ?

ಇದೆ, ಗಂಭೀರವಾದದ್ದು. 1990 ಮತ್ತು 1991ರ ಮೊದಲ ಭಾಗದ 1.6 ಎಂಜಿನ್ನುಗಳಲ್ಲಿ ಕ್ರ್ಯಾಂಕಿನ ಮೂತಿ, ಅಂದರೆ ಪುಲ್ಲಿ ಕೂರುವ ಮುಂದಿನ ತುದಿ, ಗಿಡ್ಡ. ಪುಲ್ಲಿಯ ನಡುವೆ ಕಾಣುವ ಸೀಳುಗಳು ನಾಲ್ಕಿದ್ದರೆ ಗಿಡ್ಡ ಮೂತಿ, ಎಂಟಿದ್ದರೆ ಉದ್ದ ಮೂತಿ. ಗಿಡ್ಡದ್ದರಲ್ಲಿ ಬೋಲ್ಟು ಸಡಿಲವಾಗಿ ಉಳಿದರೆ ಪುಲ್ಲಿ ಅಲುಗಾಡಿ ಕೀಲಿ (ಪುಲ್ಲಿ ಜಾರದಂತೆ ಹಿಡಿಯುವ ಲೋಹದ ತುಂಡು) ಕೂರುವ ಸೀಳನ್ನೇ ತಿಂದುಹಾಕುತ್ತದೆ, ಆಮೇಲೆ ಕ್ರ್ಯಾಂಕೇ ಹೋದಂತೆ. ಕ್ರ್ಯಾಂಕ್ ಸೀಲಿಗಾಗಿ ಈ ಬೋಲ್ಟು ಬಿಚ್ಚಲೇಬೇಕು. ತಿರುಗಿ ಹಾಕುವಾಗ ಹೊಸ ಬೋಲ್ಟು, ಹೊಸ ಕೀಲಿ ಬಳಸಿ, ಗಿಡ್ಡ ಮೂತಿಗೆ 108ರಿಂದ 118, ಉದ್ದ ಮೂತಿಗೆ 157ರಿಂದ 166 ನ್ಯೂಟನ್ ಮೀಟರ್ ಬಿಗಿಯಿರಿ. ಇಂಪ್ಯಾಕ್ಟ್ ಗನ್ ಬೇಡ. ಬಿಚ್ಚುವಾಗಲೇ ಸೀಳು ಸವೆದಿರುವುದು ಕಂಡರೆ ಅಲ್ಲಿಗೇ ನಿಲ್ಲಿಸಿ, ತಿಳಿದವರಿಗೆ ತೋರಿಸಿ.

ಎಲ್ಲ ಬದಲಿಸಿದರೂ ನಿಲ್ಲಲಿಲ್ಲ, ಹಿಂದಿನ ಕ್ರ್ಯಾಂಕ್ ಸೀಲೇ ಹೌದು. ಗೇರ್‌ಬಾಕ್ಸ್ ಇಳಿಸಿದಾಗ ಇನ್ನೇನು ಮಾಡಿಸಬೇಕು?

ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಹಾಕಿಸಿಬಿಡಿ. 1.6ರ ಕ್ಲಚ್ 200 ಎಂ.ಎಂ., 1.8ರದು 215. ಅದಲುಬದಲಾಗದಂತೆ ನೋಡಿ ತರಿಸಿ. ಆಯಿಲ್ ಕುಡಿದ ಹಳೆಯ ಪ್ಲೇಟನ್ನು ತೊಳೆದು ಹಾಕುವುದರಿಂದ ಪ್ರಯೋಜನವಿಲ್ಲ, ಜಾರುತ್ತದೆ. ಗೇರ್‌ಬಾಕ್ಸಿನ ಮುಂದಿನ ಇನ್‌ಪುಟ್ ಶಾಫ್ಟ್ ಸೀಲನ್ನೂ ಅದೇ ಕೈಯಲ್ಲಿ ಬದಲಿಸಬೇಕು.

ಹಿಂದಿನ ಸೀಲು ಒಂದು ಕವರಿನೊಳಗೆ ಕೂತಿದೆ. ಆ ಕವರ್ ಬ್ಲಾಕಿಗೆ ಸೇರುವ ಗ್ಯಾಸ್ಕೆಟ್ ಕೂಡ ಸೋರಬಹುದು, ಅದನ್ನೂ ನೋಡಲು ಹೇಳಿ. ಫ್ಲೈವೀಲ್ ಬೋಲ್ಟುಗಳಿಗೆ 96ರಿಂದ 103 ನ್ಯೂಟನ್ ಮೀಟರ್. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ನಡುವೆ ಇರುವ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟನ್ನು ಬಿಚ್ಚಿದ್ದರಿಂದ, ತಿರುಗಿ ಜೋಡಿಸುವಾಗ ಅದರ ಎತ್ತರ ಅಳೆದು ಸರಿಮಾಡಬೇಕು. ಅಳೆಯದೆ ಬಿಗಿದರೆ ಪ್ರೊಪೆಲ್ಲರ್ ಶಾಫ್ಟಿನ ಕೋನ ತಪ್ಪಿ ವೇಗದಲ್ಲಿ ನಡುಕ ಬರುತ್ತದೆ. ಕೊನೆಗೆ ಐದು ಗೇರಿನ ಬಾಕ್ಸಿಗೆ ಸುಮಾರು 2 ಲೀಟರ್ 75ಡಬ್ಲ್ಯೂ-90 ಜಿಎಲ್-4 ಆಯಿಲ್.

ಆಯಿಲ್ ಸಂಪ್ ಲೀಕ್ ಆಗುವುದಿಲ್ಲವೇ?

ಅಪರೂಪ. ಸಂಪ್ ಸುತ್ತ ಒದ್ದೆಯಿದ್ದರೆ ಮೇಲಿನಿಂದ ಬಂದದ್ದೇ ಹೆಚ್ಚು. ಡ್ರೇನ್ ಬೋಲ್ಟಿನ ವಾಷರ್ ಮಾತ್ರ ಪ್ರತಿ ಸಲ ಹೊಸದು ಹಾಕಿ, 30ರಿಂದ 41 ನ್ಯೂಟನ್ ಮೀಟರ್ ಬಿಗಿಯಿರಿ. ಸಂಪನ್ನೇ ಇಳಿಸಬೇಕಾದರೆ ಎಂಜಿನ್ ಎತ್ತಬೇಕು ಅಥವಾ ಸಬ್‌ಫ್ರೇಮ್ ಇಳಿಸಬೇಕು. ಡೈ ಹಾಕಿ ಕಣ್ಣಾರೆ ಕಾಣದೆ ಅದಕ್ಕೆ ಕೈಹಾಕಬೇಡಿ.

ಲೀಕ್ ನಿಲ್ಲಿಸುವ ಬಾಟಲಿ ಸುರಿದರೆ, ಅಥವಾ ಮಂದ ಆಯಿಲ್ ಹಾಕಿದರೆ ಸಾಲದೇ?

ಬಾಟಲಿಯಲ್ಲಿರುವುದು ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುವ ದ್ರವ. ಸೆಡೆತು ಮುರಿದ ಓ-ರಿಂಗನ್ನು ಅದು ಜೋಡಿಸಲಾರದು, ಚೆನ್ನಾಗಿರುವ ಸೀಲುಗಳನ್ನು ಮಾತ್ರ ಅಗತ್ಯಕ್ಕಿಂತ ಮೆದು ಮಾಡುತ್ತದೆ. ಮಂದ ಆಯಿಲ್ಲಿನದು ಬೇರೆ ತೊಂದರೆ. ಎನ್‌ಎ ಎಂಜಿನ್ನಿನ ಟ್ಯಾಪೆಟ್‌ಗಳು ಹೈಡ್ರಾಲಿಕ್, ಆಯಿಲ್ ಒತ್ತಡದಿಂದ ತಾವೇ ಅಂತರ ಸರಿಮಾಡಿಕೊಳ್ಳುತ್ತವೆ. ಚಳಿ ದೇಶದ ಮುಂಜಾನೆ 20ಡಬ್ಲ್ಯೂ-50 ಅವುಗಳೊಳಗೆ ಹೋಗಲು ತಡವಾಗಿ, ಕಟಕಟ ಸದ್ದು ಹೆಚ್ಚುತ್ತದೆ. ಲೀಕ್ ಇದ್ದಷ್ಟು ದಿನವೂ ಕೈಪಿಡಿಯಲ್ಲಿ ಹೇಳಿದ ಗ್ರೇಡನ್ನೇ ಹಾಕಿ.

ಸರಿಪಡಿಸುವವರೆಗೆ ಓಡಿಸಬಹುದೇ?

ರಟ್ಟಿನ ಮೇಲೆ ನಾಲ್ಕಾರು ಹನಿಯಾದರೆ, ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುತ್ತ ಓಡಿಸಬಹುದು. ಈ ಎಂಜಿನ್ ಹಿಡಿಯುವುದೇ ಮೂರೂವರೆಯಿಂದ ನಾಲ್ಕು ಲೀಟರ್. ಒಂದು ಲೀಟರ್ ಕಡಿಮೆಯಾದರೆ ಕಾಲುಭಾಗವೇ ಹೋದಂತೆ, ಜೋರಾದ ತಿರುವಿನಲ್ಲಿ ಪಂಪು ಗಾಳಿ ಎಳೆಯುತ್ತದೆ. 1995ರಿಂದೀಚಿನ ಕಾರುಗಳಲ್ಲಿ ಪ್ರೆಶರ್ ಗೇಜ್ ನಿಜವಾದ ಒತ್ತಡ ತೋರಿಸುವುದಿಲ್ಲ, ಸ್ವಿಚ್ಚಿನಂತೆ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಅದನ್ನು ನಂಬಿ ಕೂರಬೇಡಿ.

ಎಕ್ಸಾಸ್ಟ್ ಮೇಲೆ ಬೀಳುತ್ತಿದ್ದರೆ, ಟೈಮಿಂಗ್ ಬೆಲ್ಟ್ ನೆನೆಯುತ್ತಿದ್ದರೆ, ಕ್ಲಚ್ ಜಾರುತ್ತಿದ್ದರೆ ನಿಲ್ಲಿಸಿ. ರೇಸ್ ಟ್ರ್ಯಾಕಿಗಂತೂ ಲೀಕ್ ಇರುವ ಕಾರು ಒಯ್ಯಬೇಡಿ, ನಿಮ್ಮ ಆಯಿಲ್ ಮೇಲೆ ಜಾರುವುದು ಹಿಂದೆ ಬರುವ ಬೈಕು, ಕಾರು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ಪರಿಸರಕ್ಕೆ ಅಥವಾ ರಸ್ತೆಯಲ್ಲಿರುವವರಿಗೆ ಹಾನಿಯಾಗುವಷ್ಟು ಸೋರುವ ಕಾರು ಎಂಒಟಿ ಪರೀಕ್ಷೆಯಲ್ಲಿ (ಅಲ್ಲಿ ಹಳೆಯ ಕಾರುಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯವಾದ ತಪಾಸಣೆ) ಫೇಲಾಗುತ್ತದೆ.

ಎರಡನೇ ತಲೆಮಾರಿನ ಎನ್‌ಬಿ ಕಾರಿಗೂ ಇದೇ ಅನ್ವಯಿಸುತ್ತದೆಯೇ?

ಮುಂದಿನ ಸೀಲುಗಳು, ಟ್ಯಾಪೆಟ್ ಕವರ್, ಪಿಸಿವಿ, ಫಿಲ್ಟರ್ ಮಟ್ಟಿಗೆ ಬಹುತೇಕ ಹೌದು. ಆದರೆ 1998ರಿಂದ ಬಂದ ಎನ್‌ಬಿಯಲ್ಲಿ ಹೆಡ್ ಹಿಂದಿನ ಆ ಸೆನ್ಸರ್ ಇಲ್ಲ. ಅದರ ಬದಲು ಕ್ಯಾಮ್‌ಗೂ ಕ್ರ್ಯಾಂಕಿಗೂ ಬೇರೆ ಬೇರೆ ಸೆನ್ಸರ್‌ಗಳಿವೆ. ಹಿಂದೆ ಒದ್ದೆಯಿದ್ದರೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆಗಳನ್ನು ಮೊದಲು ನೋಡಿ. ಟಾರ್ಕ್ ಅಂಕಿಗಳನ್ನು ನಿಮ್ಮ ವರ್ಷದ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನಿಂದಲೇ ತೆಗೆದುಕೊಳ್ಳಿ.

ರಿಪೇರಿ ಆದ ಮೇಲೂ ಎರಡು ಮೂರು ಹನಿ ಬೀಳುತ್ತಿವೆ. ಕೆಲಸ ಕೆಟ್ಟಿತೇ?

ತೀರ್ಮಾನಕ್ಕೆ ಮೊದಲು ಇನ್ನೊಮ್ಮೆ ತೊಳೆಯಿರಿ. ಬೆಲ್ ಹೌಸಿಂಗ್ ಒಳಗೆ, ಸಬ್‌ಫ್ರೇಮಿನ ಪೊಳ್ಳಿನಲ್ಲಿ, ಕೆಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ಉಳಿದ ಹಳೆಯ ಆಯಿಲ್ ಬಿಸಿಯಾದಾಗಲೆಲ್ಲ ಇಳಿಯುತ್ತಿರುತ್ತದೆ. ತಟ್ಟೆ ಬಿಚ್ಚಿ ಒರೆಸಿ, ಹೊಸ ರಟ್ಟು ಹಾಸಿ, ತಾರೀಖು ಬರೆದಿಡಿ. ಹನಿಗಳು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಅದು ಹಳೆಯದು. ಅಷ್ಟೇ ಬೀಳುತ್ತಿದ್ದರೆ ಯುವಿ ಟಾರ್ಚ್ ಹಿಡಿದು ಮತ್ತೆ ಮೇಲಿನಿಂದ ನೋಡಿಕೊಂಡು ಬನ್ನಿ. ಡೈ ಇನ್ನೂ ಆಯಿಲ್ಲಿನಲ್ಲೇ ಇರುತ್ತದೆ, ಹೊಸದಾಗಿ ಹಾಕಬೇಕಿಲ್ಲ.